ತೋಟದ ಲೆಕ್ಕ, ಯಂತ್ರದ ಆದೇಶ: ಕಾಫಿ ಸೀಮೆಯಲ್ಲಿ ದತ್ತಾಂಶ ಕ್ವೆರಿಗಳ ಓದಬಲ್ಲ ದಾಖಲೆ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಕಾಫಿ ತೋಟದ ಒಂದು ಹಂಗಾಮಿನ ಲೆಕ್ಕ ಒಂದೇ ಪುಸ್ತಕದಲ್ಲಿ ಸಿಗುವುದು ಅಪರೂಪ. ಕೊಯ್ಲಿನ ತೂಕ ತೋಟದ ಗುಮಾಸ್ತರಾದ ರೈಟರ ಪುಸ್ತಕದಲ್ಲಿ, ಮಳೆ ಗೋಡೆಯ ಕ್ಯಾಲೆಂಡರಿನಲ್ಲಿ, ವಿಸ್ತೀರ್ಣ ಪಹಣಿಯಲ್ಲಿ, ಔಟ್‌ಟರ್ನ್ ಕ್ಯೂರಿಂಗ್ ವರ್ಕ್ಸ್‌ನ ಚೀಟಿಯಲ್ಲಿ. ಇವೆಲ್ಲ ಕಂಪ್ಯೂಟರಿಗೆ ಏರಿದ ಮೇಲೆ ಒಂದಕ್ಕೊಂದು ಜೋಡಿಸಿ, ಅಳತೆ ಬದಲಿಸಿ, ಬೇಡದ್ದನ್ನು ಸೋಸಿ, ಬೇಕಾದ ಅಂಕಿ ತೆಗೆಯಲು ಬರೆಯುವ ಆದೇಶಕ್ಕೆ ದತ್ತಾಂಶ ಪರಿವರ್ತನೆಯ ಕ್ವೆರಿ ಎನ್ನುತ್ತಾರೆ. ಆ ಆದೇಶ ಏನು ಮಾಡುತ್ತದೆ, ಯಾಕೆ ಹಾಗೆ ಮಾಡುತ್ತದೆ ಎಂಬುದನ್ನು ಕೋಡ್ ಬಾರದವರೂ ಓದಿ ತಪ್ಪು ಹಿಡಿಯುವಂತೆ ಬರೆದಿಡುವುದೇ ಕ್ವೆರಿ ದಾಖಲಾತಿ.

ತಪ್ಪು ಹಿಡಿಯುವಂತೆ ಎಂಬುದೇ ಇಲ್ಲಿ ಮುಖ್ಯ. ತೋಟ ಬಲ್ಲವರಿಗೆ ಕ್ವೆರಿ ಬರುವುದು ಕಡಿಮೆ. ಕ್ವೆರಿ ಬರೆಯುವವರಿಗೆ ತೋಟ ಗೊತ್ತಿರುವುದು ಇನ್ನೂ ಕಡಿಮೆ. ಇಬ್ಬರೂ ಒಟ್ಟಿಗೆ ಕೂತು ನೋಡಬಹುದಾದ ಜಾಗವೆಂದರೆ ಆ ದಾಖಲೆಯೊಂದೇ.

## ಕ್ವೆರಿ ಎಂದರೆ

ದತ್ತಾಂಶವನ್ನು ಸಾಲು ಮತ್ತು ಕಾಲಂಗಳ ಕೋಷ್ಟಕವಾಗಿ ಇಡಬೇಕೆಂಬ ಸಿದ್ಧಾಂತವನ್ನು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದರು. ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಪ್ರಕಟಿಸಿದ ಭಾಷೆಯೇ ಮುಂದೆ ಎಸ್‌ಕ್ಯೂಎಲ್ ಆಯಿತು. 1986ರಲ್ಲಿ ಅದಕ್ಕೆ ಅಮೆರಿಕದ ಮಾನಕ ಸಿಕ್ಕಿತು. ಬ್ಯಾಂಕು, ರೈಲ್ವೆ, ಭೂದಾಖಲೆ ಹೀಗೆ ಎಲ್ಲೆಡೆ ಇಂದಿಗೂ ನಡೆಯುತ್ತಿರುವುದು ಇದೇ ಭಾಷೆ. ತೋಟದ ಕಚೇರಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಕ್ಸೆಲ್. ಅದರೊಳಗಿನ ಪವರ್ ಕ್ವೆರಿ ಎಂಬ ಸೌಲಭ್ಯ ಮಾಡುವುದೂ ಇದೇ ಕೆಲಸವನ್ನೇ.

ಎಲ್ಲ ಪರಿವರ್ತನೆಗಳೂ ಕೊನೆಗೆ ಐದಾರು ಬಗೆಯವು: ಸೋಸುವುದು, ಅಳತೆ ಬದಲಿಸುವುದು, ಹೆಸರುಗಳನ್ನು ಒಂದೇ ರೂಪಕ್ಕೆ ತರುವುದು, ಎರಡು ಕೋಷ್ಟಕ ಜೋಡಿಸುವುದು, ಗುಂಪು ಮಾಡಿ ಕೂಡುವುದು, ಖಾಲಿ ಬಿಟ್ಟ ಜಾಗಕ್ಕೆ ಏನಾದರೊಂದು ನಿರ್ಧರಿಸುವುದು. ಪ್ರತಿಯೊಂದರ ಹಿಂದೆಯೂ ಯಾರೋ ಮಾಡಿದ ಒಂದು ತೀರ್ಮಾನ ಇರುತ್ತದೆ. ಕ್ವೆರಿ ಆ ತೀರ್ಮಾನವನ್ನು ಪಾಲಿಸುತ್ತದೆ, ಆದರೆ ಅದರ ಕಾರಣ ಹೇಳುವುದಿಲ್ಲ.

## ಮಲೆನಾಡಿನ ಹಳೆಯ ಉದಾಹರಣೆ: ಶಿಸ್ತು

ಅಂಕಿಯ ಜೊತೆಗೆ ಅಂಕಿ ಬಂದ ದಾರಿಯನ್ನೂ ಬರೆದಿಡುವ ಪದ್ಧತಿ ಮಲೆನಾಡಿಗೆ ಹೊಸದಲ್ಲ. 1645ರಿಂದ 1660ರವರೆಗೆ ಆಳಿದ ಕೆಳದಿಯ ಶಿವಪ್ಪನಾಯಕನ ಕಂದಾಯ ವ್ಯವಸ್ಥೆಗೆ ಶಿಸ್ತು ಎಂದೇ ಹೆಸರು. ಗೆಜೆಟಿಯರುಗಳು ವಿವರಿಸುವಂತೆ, ಪ್ರತಿ ಹಳ್ಳಿಯಲ್ಲಿ ಒಂದೊಂದು ತರಗತಿಯ ಭೂಮಿಯಿಂದ ಒಂದೊಂದು ಗದ್ದೆ ಆರಿಸಿ, 12 ವರ್ಷ ಸರ್ಕಾರದ ಖರ್ಚಿನಲ್ಲೇ ಸಾಗುವಳಿ ಮಾಡಿಸಲಾಯಿತು. ಬಿತ್ತಿದ ಬೀಜ, ತಗುಲಿದ ಖರ್ಚು, ಬಂದ ಫಸಲು, ಅದರ ಬೆಲೆ ಎಲ್ಲವನ್ನೂ ಬರೆದಿಟ್ಟು, ಸರಾಸರಿ ತೆಗೆದು, ಮೂರನೇ ಒಂದು ಪಾಲನ್ನು ಸರ್ಕಾರದ ಹಕ್ಕೆಂದು ನಿಗದಿ ಮಾಡಲಾಯಿತು.

ಇಂದಿನ ಮಾತಿನಲ್ಲಿ ಹೇಳುವುದಾದರೆ ಇಲ್ಲಿ ಮೂಲ ದತ್ತಾಂಶ ಇದೆ, ಮಾದರಿ ಆಯ್ಕೆಯ ನಿಯಮ ಇದೆ, ಅವಧಿ ಇದೆ, ಸರಾಸರಿಯ ಹಂತ ಇದೆ, ಕೊನೆಯ ಭಾಗಾಕಾರ ಇದೆ. ದರ ಹೆಚ್ಚಾಯಿತು ಎಂದು ರೈತ ತಕರಾರು ತೆಗೆದರೆ ಯಾವ ಹಂತದಲ್ಲಿ ತಕರಾರು ಎಂದು ಕೇಳಲು ಸಾಧ್ಯವಿತ್ತು.

## ಕಾಫಿಗೆ ಈಗ ಯಾಕೆ ಬೇಕಾಯಿತು

1942ರ ಕಾಫಿ ಕಾಯ್ದೆಯ ನಂತರ ದಶಕಗಳ ಕಾಲ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸುತ್ತಿದ್ದರು. ವಿಂಗಡಣೆ, ಮಾರಾಟ, ಹಣ ಹಂಚಿಕೆಯ ಲೆಕ್ಕ ಅಲ್ಲೇ ನಡೆಯುತ್ತಿತ್ತು. 1990ರ ದಶಕದ ಮೊದಲ ವರ್ಷಗಳಿಂದ ಹಂತಹಂತವಾಗಿ ಮುಕ್ತ ಮಾರಾಟಕ್ಕೆ ಅವಕಾಶ ಸಿಕ್ಕಿ, 1996ರಲ್ಲಿ ಪೂಲ್ ಪದ್ಧತಿ ಪೂರ್ತಿ ಕೊನೆಗೊಂಡಿತು. ಅಲ್ಲಿಂದ ಮುಂದೆ ಯಾವಾಗ ಮಾರಬೇಕು, ಯಾವ ರೂಪದಲ್ಲಿ ಮಾರಬೇಕು ಎಂಬ ಲೆಕ್ಕ ತೋಟದವರ ತಲೆಯ ಮೇಲೆ ಬಂತು.

ಇತ್ತೀಚಿನ ಒತ್ತಡ ಯುರೋಪಿನದು. ಅರಣ್ಯನಾಶ ತಡೆಗಾಗಿ ಯುರೋಪಿಯನ್ ಒಕ್ಕೂಟ 2023ರಲ್ಲಿ ತಂದ 1115ನೇ ಸಂಖ್ಯೆಯ ನಿಯಮಾವಳಿ ಕಾಫಿಗೂ ಅನ್ವಯಿಸುತ್ತದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಗೆ ಅಲ್ಲಿ ಪ್ರವೇಶವಿಲ್ಲ. ಪ್ರತಿ ಸರಕಿನ ಹಿಂದೆಯೂ ಅದು ಬೆಳೆದ ಜಾಗದ ಅಕ್ಷಾಂಶ, ರೇಖಾಂಶ ಇರಬೇಕು. ಜಾರಿಯ ದಿನಾಂಕ ಮುಂದೂಡಿಕೆಯಾಗುತ್ತ ಬಂದಿದ್ದರೂ ಖರೀದಿದಾರರು ಕೇಳುವುದು ಶುರುವಾಗಿದೆ. ಪಹಣಿಯಿಂದ ಹಿಡಿದು ಹಡಗಿನ ಕಂಟೇನರ್‌ವರೆಗೆ ಅಂಕಿಗಳು ಹತ್ತಾರು ಕೈ ದಾಟಿ ಹೋಗುವಾಗ ದಾರಿಯಲ್ಲಿ ಏನಾಯಿತು ಎಂಬುದಕ್ಕೆ ಬರಹದ ಸಾಕ್ಷ್ಯ ಬೇಕು.

## ಎಕರೆ, ಗುಂಟೆ ಮತ್ತು ಒಂದು ಚುಕ್ಕೆ

ದಾಖಲೆ ಇಲ್ಲದ ಪರಿವರ್ತನೆ ಎಲ್ಲಿ ಕೈಕೊಡುತ್ತದೆ ಎಂಬುದಕ್ಕೆ ಪಹಣಿಗಿಂತ ಒಳ್ಳೆಯ ಉದಾಹರಣೆ ಸಿಗದು. ಕರ್ನಾಟಕದಲ್ಲಿ 40 ಗುಂಟೆಗೆ 1 ಎಕರೆ. ವಿಸ್ತೀರ್ಣವನ್ನು ಎಕರೆ, ಚುಕ್ಕೆ, ಗುಂಟೆ ಎಂದು ಬರೆಯುವುದು ರೂಢಿ. 9.36 ಎಂದರೆ 9 ಎಕರೆ 36 ಗುಂಟೆ. ಅದನ್ನು ಎಕ್ಸೆಲ್‌ಗೆ ಹೊಡೆದರೆ ಅದು ಒಂಬತ್ತು ದಶಾಂಶ ಮೂರು ಆರು ಎಂದೇ ಓದುತ್ತದೆ.

ಈಗ ಹೆಕ್ಟೇರ್ ಲೆಕ್ಕ ಮಾಡಿ. 36 ಗುಂಟೆ ಎಂದರೆ 0.9 ಎಕರೆ, ಆದ್ದರಿಂದ ನಿಜವಾದ ವಿಸ್ತೀರ್ಣ 9.9 ಎಕರೆ. 1 ಎಕರೆಗೆ 0.4047 ಹೆಕ್ಟೇರ್‌ನಂತೆ ಸುಮಾರು 4.01 ಹೆಕ್ಟೇರ್. ಚುಕ್ಕೆಯನ್ನು ದಶಾಂಶವೆಂದು ಓದಿದ ಕ್ವೆರಿ ಕೊಡುವುದು 3.79 ಹೆಕ್ಟೇರ್. ವ್ಯತ್ಯಾಸ ಸಣ್ಣದೆನಿಸಬಹುದು. ಆದರೆ ಯುರೋಪಿನ ನಿಯಮದಲ್ಲಿ 4 ಹೆಕ್ಟೇರ್ ಮೀರಿದ ತುಂಡಿಗೆ ಗಡಿಯ ಸುತ್ತಲಿನ ಬಿಂದುಗಳನ್ನೆಲ್ಲ ಕೊಡಬೇಕು. ಅದರೊಳಗಿನದಕ್ಕೆ ಒಂದೇ ಬಿಂದು ಸಾಕು. ಒಂದು ಚುಕ್ಕೆಯಿಂದ ತೋಟ ಗೆರೆಯ ಈಚೆ ಬದಿಗೆ ಬಿತ್ತು. ಕಾಫಿ ಮಂಡಳಿ ಸಣ್ಣ ಬೆಳೆಗಾರ ಎಂದು ಗುರುತಿಸುವ 10 ಹೆಕ್ಟೇರ್ ಮಿತಿಯಲ್ಲೂ ಇದೇ ಪಾಡು: 24 ಎಕರೆ 30 ಗುಂಟೆ ನಿಜವಾಗಿ 10.02 ಹೆಕ್ಟೇರ್, ತಪ್ಪಾಗಿ ಓದಿದರೆ 9.83.

ಇನ್ನೂ ಒಂದು ಮಡಿಕೆ ಇದೆ. 4.20 ಎಂದು ಹೊಡೆದದ್ದನ್ನು ಎಕ್ಸೆಲ್ ಸಂಖ್ಯೆಯೆಂದು ಭಾವಿಸಿ ಕೊನೆಯ ಸೊನ್ನೆ ನುಂಗಿ 4.2 ಎಂದು ತೋರಿಸುತ್ತದೆ. ನಂತರ ಬಂದವರಿಗೆ ಅದು 4 ಎಕರೆ 2 ಗುಂಟೆಯೋ 20 ಗುಂಟೆಯೋ ತಿಳಿಯದು. ಜೊತೆಗೆ ಸಾಗುವಳಿಗೆ ಬಾರದ ಖರಾಬು ಸೇರಿಸಿದ್ದೇ, ಕಳೆದದ್ದೇ ಎಂಬ ಪ್ರಶ್ನೆ. ಇದಕ್ಕೆ ಬೇಕಾದ ದಾಖಲೆ ನಾಲ್ಕೇ ಸಾಲು: ವಿಸ್ತೀರ್ಣವನ್ನು ಪಠ್ಯವಾಗಿ ಇಡಲಾಗಿದೆ, ಚುಕ್ಕೆಯ ಎಡಕ್ಕೆ ಎಕರೆ, ಬಲಕ್ಕೆ ಎರಡಂಕಿಯ ಗುಂಟೆ, ಗುಂಟೆಯನ್ನು 40ರಿಂದ ಭಾಗಿಸಿ ಎಕರೆಗೆ ಕೂಡಿದೆ, ಖರಾಬು ಕಳೆದ ನಂತರದ ವಿಸ್ತೀರ್ಣ ಇದು. ಗುಂಟೆ 40 ಅಥವಾ ಅದಕ್ಕಿಂತ ಹೆಚ್ಚು ಕಂಡರೆ ಕ್ವೆರಿ ನಿಂತು ತೋರಿಸಬೇಕು ಎಂಬ ಐದನೆಯ ಸಾಲು ಇದ್ದರೆ ಇನ್ನೂ ಒಳ್ಳೆಯದು.

ಅಕ್ಷಾಂಶ, ರೇಖಾಂಶಗಳಿಗೂ ಇಂಥದ್ದೇ ಟಿಪ್ಪಣಿ ಬೇಕು. ನಿಯಮ ಕೇಳುವುದು ದಶಾಂಶದ ನಂತರ ಕನಿಷ್ಠ 6 ಅಂಕಿ. ನಕ್ಷೆಗೆ ಬಳಸುವ ಜಿಯೋಜೇಸನ್ ಕಡತದಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಫೋನಿನ ನಕ್ಷೆಗಳು ತೋರಿಸುವುದು ತಿರುಗುಮುರುಗಾಗಿ. ಮೂಡಿಗೆರೆ ಇರುವುದು ಸುಮಾರು 13.1 ಡಿಗ್ರಿ ಉತ್ತರ, 75.6 ಡಿಗ್ರಿ ಪೂರ್ವದಲ್ಲಿ. ಕ್ರಮ ಅದಲುಬದಲಾದರೆ ತೋಟ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ದಕ್ಷಿಣದ ಸಮುದ್ರಕ್ಕೆ ಹೋಗಿ ಬೀಳುತ್ತದೆ.

## ಔಟ್‌ಟರ್ನ್: 27 ಎಂದರೆ ಎಷ್ಟು

ಒಣಗಿದ ಚೆರ್ರಿ ಕಾಫಿಯ ವ್ಯಾಪಾರ ನಡೆಯುವುದು 50 ಕೆ.ಜಿ. ಚೀಲದ ಲೆಕ್ಕದಲ್ಲಿ. ಆ ಚೀಲದಿಂದ ಸಿಪ್ಪೆ ತೆಗೆದ ಮೇಲೆ ಎಷ್ಟು ಕೆ.ಜಿ. ಕ್ಲೀನ್ ಕಾಫಿ ಸಿಗುತ್ತದೆಯೋ ಅದೇ ಓಟಿ, ಅಂದರೆ ಔಟ್‌ಟರ್ನ್. 27 ಓಟಿ ಎಂದರೆ 50ಕ್ಕೆ 27. ಶೇಕಡಾವಾರು ಹೇಳಿದರೆ 54. ಚಿಕ್ಕಮಗಳೂರಿನ ಯಾವ ವ್ಯಾಪಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಕಾಲಂನ ತಲೆಯಲ್ಲಿ ಬರೀ ಔಟ್‌ಟರ್ನ್ ಎಂದು ಕಂಡ ಹೊರಗಿನವರು 27ನ್ನು ಶೇಕಡಾ ಎಂದು ತಿಳಿದರೆ 100 ಚೀಲಕ್ಕೆ 2,700 ಕೆ.ಜಿ. ಬದಲು 1,350 ಕೆ.ಜಿ. ಬರುತ್ತದೆ, ಸರಿಯಾಗಿ ಅರ್ಧ. ಪಾರ್ಚ್‌ಮೆಂಟಿನಲ್ಲಿ (ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿಯಲ್ಲಿ) ಇದೇ ಕಾಲಂ ಕೆಲವೊಮ್ಮೆ ನಿಜವಾಗಿಯೂ ಶೇಕಡಾ ರೂಪದಲ್ಲಿ, 80ರ ಆಸುಪಾಸಿನಲ್ಲಿ ಇರುತ್ತದೆ. ಎರಡೂ ಒಂದೇ ಕೋಷ್ಟಕದಲ್ಲಿ ಸೇರಿಕೊಂಡರೆ ಸರಾಸರಿಗೆ ಅರ್ಥವೇ ಇರುವುದಿಲ್ಲ.

ತೇವಾಂಶದ ಮಾತೂ ಇಲ್ಲಿ ಸೇರಬೇಕು. ಒಣಗಿಸುವಾಗ ಪಾರ್ಚ್‌ಮೆಂಟನ್ನು ಶೇ 10ರ ಸುತ್ತ, ಚೆರ್ರಿಯನ್ನು ಶೇ 11ರ ಸುತ್ತ ತರುವುದು ಶಿಫಾರಸು. ಕಣದಲ್ಲಿ ಅರೆ ಒಣಗಿದ ಕಾಫಿಯನ್ನು ತೂಗಿ ಬರೆದ ಅಂಕಿ, ಪೂರ್ತಿ ಒಣಗಿದ ಮೇಲೆ ಬರೆದ ಅಂಕಿ ಎರಡೂ ತೂಕ ಎಂಬ ಒಂದೇ ಕಾಲಂಗೆ ಬಂದರೆ ಕೂಡಿಸುವ ಕ್ವೆರಿಗೆ ಏನೂ ಅನ್ನಿಸುವುದಿಲ್ಲ. ಆದ್ದರಿಂದ ಕಾಲಂ ವಿವರಣೆಯಲ್ಲಿ ಅಳತೆಯ ಘಟಕ, ಯಾವ ಹಂತದ ಕಾಫಿ, ಎಲ್ಲಿ ತೂಗಿದ್ದು ಎಂಬ ಮೂರೂ ಇರಲೇಬೇಕು. ಹಂತಗಳು ಇವು: ಹಣ್ಣು, ತೊಳೆದ ಹಸಿ ಪಾರ್ಚ್‌ಮೆಂಟ್, ಒಣ ಪಾರ್ಚ್‌ಮೆಂಟ್, ಒಣ ಚೆರ್ರಿ, ಕ್ಲೀನ್.

## ಮಳೆ: ಇಂಚು, ಸೆಂಟ್, ದಿನದ ಗಡಿ

ಪ್ಲಾಂಟರ್‌ಗಳ ಬಾಯಲ್ಲಿ ಮಳೆ ಇಂದಿಗೂ ಇಂಚು, ಸೆಂಟ್. 1 ಇಂಚಿಗೆ 100 ಸೆಂಟ್. 1 ಇಂಚು ಎಂದರೆ 25.4 ಮಿಲಿಮೀಟರ್. 2 ಇಂಚು 40 ಸೆಂಟ್ ಮಳೆ 61 ಮಿಲಿಮೀಟರಿಗೆ ಹತ್ತಿರ. ಗಮನಿಸಿ: ಒಂದೇ ಕಚೇರಿಯಲ್ಲಿ ಮಳೆಯ 2.40 ನಿಜವಾದ ದಶಾಂಶ, ಜಮೀನಿನ 2.40 ಬರೆಯಲೇಬಾರದ ಅಂಕಿ, ಏಕೆಂದರೆ 40 ಗುಂಟೆಗೆ ಎಕರೆ ತುಂಬಿ 3.00 ಆಗಬೇಕು. ಕಣ್ಣಿಗೆ ಎರಡೂ ಒಂದೇ.

ಅಳತೆ ಸರಿಹೋದರೂ ದಿನ ಸರಿಹೋಗಬೇಕು. ಹವಾಮಾನ ಇಲಾಖೆಯ ದಿನದ ಮಳೆ ಎಂದರೆ ಆ ಬೆಳಿಗ್ಗೆ 8.30ಕ್ಕೆ ಮುಗಿದ 24 ಗಂಟೆಯ ಮಳೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ದೈನಿಕ ವರದಿಯೂ 8.30ಕ್ಕೆ ಕೊನೆಯಾಗುತ್ತದೆ. ತೋಟದಲ್ಲಿ ಬೆಳಿಗ್ಗೆ ಏಳಕ್ಕೆ ಮಾಪಕ ನೋಡಿ, ರಾತ್ರಿ ಬಿದ್ದದ್ದಲ್ಲವೇ ಎಂದು ಹಿಂದಿನ ದಿನದ ತಾರೀಖಿಗೆ ಬರೆಯುವವರಿದ್ದಾರೆ. ಇವನ್ನು ತಾರೀಖಿನ ಮೇಲೆ ಜೋಡಿಸಿದರೆ ಇಡೀ ವರ್ಷದ ಮಳೆ ಒಂದು ದಿನ ಸರಿದು ಕೂತಿರುತ್ತದೆ.

ವರ್ಷದ ಒಟ್ಟು ಮೊತ್ತಕ್ಕೆ ಅದರಿಂದ ಧಕ್ಕೆಯಿಲ್ಲ. ಹೂಮಳೆಗೆ ಧಕ್ಕೆಯಿದೆ. ಫೆಬ್ರವರಿಯಿಂದ ಏಪ್ರಿಲ್‌ನೊಳಗೆ ಬೀಳುವ ಹೂಮಳೆಯ ದಿನವನ್ನು ಆಧರಿಸಿ ಹೂವು ಅರಳುವುದು, ಅದರ ಹಿಂದೆ ಬೇಕಾಗುವ ಬ್ಯಾಕಿಂಗ್ ಮಳೆ, ಮಳೆ ಕೈಕೊಟ್ಟರೆ ತುಂತುರು ನೀರಾವರಿ ಎಲ್ಲವನ್ನೂ ಲೆಕ್ಕ ಹಾಕುತ್ತಾರೆ. ಹೂಮಳೆಯ ದಿನವನ್ನು ಕ್ವೆರಿಯಿಂದ ಹುಡುಕುವುದಾದರೆ ಎಷ್ಟು ಸೆಂಟ್ ಮೇಲಿನದ್ದನ್ನು ಹೂಮಳೆ ಎನ್ನಬೇಕು, ಎರಡು ದಿನ ಬಿಡಿಬಿಡಿಯಾಗಿ ಬಿದ್ದರೆ ಕೂಡಬೇಕೇ ಎಂಬುದು ತೋಟದವರ ಅನುಭವದ ಮಾತು. ಅದನ್ನು ಅವರ ಮಾತಿನಲ್ಲೇ ಬರೆದಿಡಬೇಕು.

ಖಾಲಿ ಮತ್ತು ಸೊನ್ನೆ ಬೇರೆ ಬೇರೆ ಎಂಬುದೂ ಮಳೆ ಪುಸ್ತಕದಲ್ಲೇ ಚೆನ್ನಾಗಿ ಕಾಣುತ್ತದೆ. ಸೊನ್ನೆ ಎಂದರೆ ನೋಡಿದರು, ಮಳೆ ಇರಲಿಲ್ಲ. ಖಾಲಿ ಎಂದರೆ ಯಾರೂ ನೋಡಲಿಲ್ಲ. ಭಾನುವಾರ ರಜೆಯಾದರೆ ಸೋಮವಾರದ ಅಂಕಿ ಎರಡು ದಿನದ ಮೊತ್ತ. ಖಾಲಿಯನ್ನೆಲ್ಲ ಸೊನ್ನೆ ಮಾಡಿದ ಕ್ವೆರಿ ಭಾನುವಾರಗಳನ್ನು ಒಣಗಿಸಿ ಸೋಮವಾರಗಳಿಗೆ ಪ್ರವಾಹ ತರುತ್ತದೆ.

## ವರ್ಷ ಯಾವುದು, ಅಂದಾಜು ಯಾವುದು

ಕಾಫಿ ವರ್ಷ ಅಕ್ಟೋಬರ್‌ನಿಂದ ಸೆಪ್ಟೆಂಬರ್. ಹಣಕಾಸು ವರ್ಷ ಏಪ್ರಿಲ್‌ನಿಂದ ಮಾರ್ಚ್. 2024ರ ಜನವರಿಯಲ್ಲಿ ಕೊಯ್ದ ಹಣ್ಣು ಎರಡೂ ಲೆಕ್ಕದಲ್ಲಿ 2023-24ರದ್ದೇ. ಅದೇ ಕಾಫಿಯನ್ನು ದರ ನೋಡಿ ಜೂನ್‌ನಲ್ಲಿ ಮಾರಿದರೆ ಫಸಲು 2023-24ರದು, ಆದಾಯ 2024-25ರದು. ಬರೀ 2023-24 ಎಂಬ ಕಾಲಂ ಹೆಸರು ಯಾರಿಗೂ ಉಪಯೋಗವಿಲ್ಲ.

ಕಾಫಿ ಮಂಡಳಿ ಒಂದೇ ಫಸಲಿಗೆ ಹೂವಿನ ನಂತರದ ಅಂದಾಜು, ಮುಂಗಾರಿನ ನಂತರದ ಅಂದಾಜು ಮತ್ತು ಅಂತಿಮ ಅಂಕಿ ಕೊಡುತ್ತದೆ. ಜಿಲ್ಲಾವಾರು ಪಟ್ಟಿಯಲ್ಲಿ ಚಿಕ್ಕಮಗಳೂರು, ಕೊಡಗು, ಹಾಸನಗಳನ್ನು ಹೋಲಿಸುವಾಗ ಒಂದು ವರ್ಷದ ಅಂತಿಮ ಅಂಕಿಯನ್ನು ಮುಂದಿನ ವರ್ಷದ ಹೂವಿನ ಅಂದಾಜಿನ ಪಕ್ಕ ಇಟ್ಟರೆ ಇಲ್ಲದ ಏರಿಳಿತ ಕಾಣಿಸುತ್ತದೆ. ಯಾವ ಹಂತದ ಅಂಕಿ ಎಂಬುದು ಒಂದು ಪ್ರತ್ಯೇಕ ಕಾಲಂ ಆಗಿರಬೇಕು; ಕ್ವೆರಿ ಯಾವ ಹಂತವನ್ನು ಆರಿಸಿತು ಎಂಬುದು ದಾಖಲೆಯ ಮೊದಲ ಸಾಲುಗಳಲ್ಲಿರಬೇಕು.

## ಓದಬಲ್ಲ ದಾಖಲೆಯ ಅಂಗಗಳು

ಉಪಯೋಗಕ್ಕೆ ಬರುವ ದಾಖಲೆ ಉದ್ದವಿರಬೇಕಿಲ್ಲ. ಒಂದು ಪುಟ ಸಾಕು. ಅದರಲ್ಲಿ ಇರಬೇಕಾದವು ಇವು.

ಪ್ರಶ್ನೆ: ಈ ಕ್ವೆರಿ ಯಾವ ಪ್ರಶ್ನೆಗೆ ಉತ್ತರ ಎಂಬುದು ಒಂದೇ ವಾಕ್ಯದಲ್ಲಿ, ಪ್ರಶ್ನೆಯ ರೂಪದಲ್ಲೇ.

ಒಂದು ಸಾಲಿನ ಅರ್ಥ: ಫಲಿತಾಂಶದ ಒಂದು ಸಾಲು ಏನನ್ನು ಸೂಚಿಸುತ್ತದೆ. ಒಬ್ಬ ಕೊಯ್ಲುಗಾರರ ಒಂದು ದಿನವೇ, ಒಂದು ಬ್ಲಾಕಿನ ಒಂದು ವಾರವೇ? ಇದು ಸ್ಪಷ್ಟವಿಲ್ಲದಿದ್ದರೆ ಉಳಿದದ್ದೆಲ್ಲ ಅಸ್ಪಷ್ಟ.

ಮೂಲ: ಯಾವ ಪುಸ್ತಕ, ಯಾವ ಹಾಳೆ, ಯಾರು ತುಂಬುತ್ತಾರೆ, ಎಷ್ಟು ದಿನಕ್ಕೊಮ್ಮೆ.

ಹಂತಗಳು: ಕ್ವೆರಿಯ ಕ್ರಮದಲ್ಲೇ, ಒಂದು ಹಂತಕ್ಕೆ ಒಂದು ವಾಕ್ಯ.

ಕಾರಣ: ಸೂತ್ರ ಕೋಡಿನಲ್ಲೇ ಇರುತ್ತದೆ. ದಾಖಲೆ ಹೇಳಬೇಕಾದ್ದು ಆ ಸೂತ್ರ ಯಾಕೆ ಎಂಬುದನ್ನು.

ಕೈಲೆಕ್ಕ: ಒಂದು ನಿಜವಾದ ಸಾಲನ್ನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸುವುದು. ಎಸ್‌ಕ್ಯೂಎಲ್ ಓದಲು ಬಾರದ ರೈಟರು ಕ್ಯಾಲ್ಕುಲೇಟರ್ ಹಿಡಿದು ಪರೀಕ್ಷಿಸಬಹುದಾದ ಭಾಗ ಇದು. ಇಡೀ ಪುಟದಲ್ಲಿ ಒಂದೇ ಒಂದನ್ನು ಉಳಿಸಿಕೊಳ್ಳಿ ಎಂದರೆ ಇದನ್ನೇ ಉಳಿಸಬೇಕು.

ತಾಳೆ: ಪರಿವರ್ತನೆಯ ಮೊದಲು ಮತ್ತು ನಂತರ ಯಾವ ಮೊತ್ತಗಳು ಸಮನಾಗಿರಬೇಕು.

ಮಿತಿ ಮತ್ತು ಬದಲಾವಣೆ: ಯಾವುದು ಸೇರಿಲ್ಲ, ಯಾವ ತಾರೀಖಿನಿಂದ ಯಾವ ನಿಯಮ ಬದಲಾಯಿತು, ಯಾರ ಮಾತಿನ ಮೇಲೆ.

## ಒಂದು ಮಾದರಿ ಪುಟ

ಕೆಳಗಿನದು ಕಾಲ್ಪನಿಕ ತೋಟವೊಂದರ ಮಾದರಿ. ಅಂಕಿಗಳು ಲೆಕ್ಕ ತೋರಿಸಲು ಮಾತ್ರ.

ಹೆಸರು: ಬ್ಲಾಕ್‌ವಾರು ಎಕರೆ ಇಳುವರಿ.

ಪ್ರಶ್ನೆ: ಈ ಕಾಫಿ ವರ್ಷದಲ್ಲಿ ಪ್ರತಿ ಬ್ಲಾಕಿನಿಂದ ಎಕರೆಗೆ ಎಷ್ಟು ಕೆ.ಜಿ. ಹಣ್ಣು ಬಂತು?

ಒಂದು ಸಾಲು: ಒಂದು ಬ್ಲಾಕ್, ಒಂದು ಕಾಫಿ ವರ್ಷ.

ಮೂಲ: ಕೊಯ್ಲಿನ ತೂಕದ ಪುಸ್ತಕ, ರೈಟರು ಪ್ರತಿ ಸಂಜೆ ತುಂಬುವುದು; ಬ್ಲಾಕ್ ಪಟ್ಟಿ, ಪಹಣಿಯೊಂದಿಗೆ ವರ್ಷಕ್ಕೊಮ್ಮೆ ತಾಳೆ ನೋಡುವುದು.

ಹಂತ 1: ಅಕ್ಟೋಬರ್ 1ರಿಂದ ಸೆಪ್ಟೆಂಬರ್ 30ರ ಒಳಗಿನ ಸಾಲುಗಳನ್ನು ಮಾತ್ರ ಇಟ್ಟುಕೊಂಡಿದೆ.

ಹಂತ 2: ಉದುರು ಕಾಫಿ ಎಂದು ಗುರುತಿಸಿದ ಸಾಲುಗಳನ್ನು ಬಿಟ್ಟಿದೆ. ಕಾರಣ: ನೆಲದಿಂದ ಹೆಕ್ಕಿದ್ದು ಅರೆ ಒಣಗಿರುತ್ತದೆ, ಹಣ್ಣಿನ ತೂಕದೊಂದಿಗೆ ಕೂಡಬಾರದು.

ಹಂತ 3: ಚೀಲದ ತೂಕ ಕಳೆದಿಲ್ಲ. ಕಾರಣ: ತೂಗುವ ಜಾಗದಲ್ಲೇ ಕಳೆದು ಬರೆಯಲಾಗುತ್ತದೆ. ಇಲ್ಲಿ ಮತ್ತೆ ಕಳೆದರೆ ಎರಡು ಸಲ ಕಳೆದಂತಾಗುತ್ತದೆ.

ಹಂತ 4: ಬ್ಲಾಕ್‌ವಾರು ಕೂಡಿ, ಆಮೇಲೆ ಬ್ಲಾಕ್ ಪಟ್ಟಿಗೆ ಜೋಡಿಸಿದೆ. ಕಾರಣ: ಕೆಲವು ಬ್ಲಾಕ್‌ಗಳು ಎರಡು ಸರ್ವೆ ನಂಬರಿನಲ್ಲಿ ಹರಡಿವೆ. ಮೊದಲೇ ಜೋಡಿಸಿದರೆ ಅಂಥ ಬ್ಲಾಕಿನ ಪ್ರತಿ ತೂಕವೂ ಎರಡು ಸಲ ಬರುತ್ತದೆ.

ಹಂತ 5: ಬ್ಲಾಕಿನ ಸರ್ವೆ ನಂಬರುಗಳ ವಿಸ್ತೀರ್ಣ ಕೂಡಿ, ಗುಂಟೆಯನ್ನು 40ರಿಂದ ಭಾಗಿಸಿ ಎಕರೆ ಮಾಡಿ, ಒಟ್ಟು ತೂಕವನ್ನು ಅದರಿಂದ ಭಾಗಿಸಿದೆ.

ಕೈಲೆಕ್ಕ: 3ನೇ ಬ್ಲಾಕ್, 4 ಎಕರೆ 20 ಗುಂಟೆ, ಅಂದರೆ 4.5 ಎಕರೆ. ಹಣ್ಣು 9,450 ಕೆ.ಜಿ. ಎಕರೆಗೆ 2,100 ಕೆ.ಜಿ. ಉತ್ತರ 2,250 ಬಂದರೆ ಗುಂಟೆಯನ್ನು ದಶಾಂಶವೆಂದು ಓದಿದೆ ಎಂದರ್ಥ.

ತಾಳೆ: ಹಂತ 2ರ ನಂತರದ ಒಟ್ಟು ತೂಕವೂ ಕೊನೆಯ ಕೋಷ್ಟಕದ ಒಟ್ಟು ತೂಕವೂ ಒಂದೇ ಇರಬೇಕು.

ಮಿತಿ: ತೂಗುವಾಗ ಎರಡು ಬ್ಲಾಕಿನ ಹಣ್ಣು ಬೆರೆತ ದಿನಗಳಲ್ಲಿ ದೊಡ್ಡ ಬ್ಲಾಕಿನ ಹೆಸರಿಗೆ ಬರೆಯಲಾಗಿದೆ.

ಈ ಪುಟದ ಹಂತ 3 ನೋಡಿ. ಅಲ್ಲಿ ಕ್ವೆರಿ ಏನನ್ನೂ ಮಾಡುವುದಿಲ್ಲ. ಕೋಡಿನಲ್ಲಿ ಅದಕ್ಕೊಂದು ಸಾಲೂ ಇರುವುದಿಲ್ಲ. ಬೇಕೆಂದೇ ಮಾಡದೆ ಬಿಟ್ಟ ಕೆಲಸವನ್ನು ಯಾವ ಕೋಡ್ ಓದಿದರೂ ಕಾಣಲಾಗದು. ಮುಂದೆ ಯಾರೋ ಚೀಲದ ತೂಕ ಕಳೆಯುವುದು ಮರೆತಿದೆ ಎಂದುಕೊಂಡು ತಿದ್ದಲು ಹೊರಟರೆ ತಡೆಯುವುದು ಈ ಸಾಲು ಮಾತ್ರ.

## ಹೆಸರುಗಳ ತೊಡಕು

ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಮೈಸೂರು ಸಂಸ್ಥಾನದ ಕಾಫಿ ಪ್ರಯೋಗ ಕೇಂದ್ರವೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಅಲ್ಲಿಂದ ಬಂದ ಎಸ್ 795 ತಳಿಯನ್ನೇ ಸೆಲೆಕ್ಷನ್ 3 ಎಂದೂ ಕರೆಯುತ್ತಾರೆ. ಕಾವೇರಿ ಎಂಬುದು ಸೆಲೆಕ್ಷನ್ 12. ಒಬ್ಬರು 795 ಎಂದು, ಇನ್ನೊಬ್ಬರು ಸೆಲೆಕ್ಷನ್ 3 ಎಂದು ಬರೆದರೆ ಒಂದೇ ತಳಿ ವರದಿಯಲ್ಲಿ ಎರಡಾಗುತ್ತದೆ. ರೋಬಸ್ಟಾ, ರೊಬಸ್ಟಾ, ರೋಬಾಸ್ಟ ಎಂಬ ಕಾಗುಣಿತಗಳೂ ಅಷ್ಟೇ. ಕಣ್ಣಿಗೆ ಒಂದೇ, ಯಂತ್ರಕ್ಕೆ ಮೂರು. ಇದಕ್ಕೆ ಪರಿಹಾರ ಒಂದು ಹೆಸರುಪಟ್ಟಿ: ಎಡಕ್ಕೆ ಪುಸ್ತಕದಲ್ಲಿ ಕಂಡ ರೂಪಗಳು, ಬಲಕ್ಕೆ ಒಪ್ಪಿದ ಒಂದು ರೂಪ. ಆ ಪಟ್ಟಿಯೂ ದಾಖಲೆಯ ಭಾಗವೇ.

ಕನ್ನಡ ದತ್ತಾಂಶಕ್ಕೆ ಅದರದೇ ಕಿರಿಕಿರಿಗಳಿವೆ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಹೊಡೆದ ಕಡತಗಳು ಯೂನಿಕೋಡ್ ಅಲ್ಲ; ಪರಿವರ್ತಿಸದೆ ಹುಡುಕಿದರೆ ಏನೂ ಸಿಗದು. ಕನ್ನಡದ ಅಂಕಿಗಳಲ್ಲಿ ಬರೆದ ತೂಕವನ್ನು ಹಲವು ತಂತ್ರಾಂಶಗಳು ಸಂಖ್ಯೆಯೆಂದು ಗುರುತಿಸುವುದಿಲ್ಲ. ಅಕ್ಷರಗಳ ನಡುವೆ ಕಣ್ಣಿಗೆ ಕಾಣದೆ ಕೂರುವ ಜೋಡಕ ಚಿಹ್ನೆಗಳಿಂದ ಎರಡು ಪದಗಳು ಹೊಂದಿಕೆಯಾಗದೆ ಹೋಗುವುದುಂಟು. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ಲೇಖಕ ಪೂರ್ಣಚಂದ್ರ ತೇಜಸ್ವಿ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ವಿಷಯದಲ್ಲಿ ಅಷ್ಟು ಹಟ ಹಿಡಿದಿದ್ದರ ಬೆಲೆ ಇಂಥ ಕೆಲಸಕ್ಕಿಳಿದಾಗ ತಿಳಿಯುತ್ತದೆ.

## ಸಾಧನಗಳು

ದುಬಾರಿ ತಂತ್ರಾಂಶವೇನೂ ಬೇಕಿಲ್ಲ. ಎಕ್ಸೆಲ್ 2016ರಿಂದ ಪವರ್ ಕ್ವೆರಿ ಅದರೊಳಗೇ ಇದೆ. ಅದು ಪ್ರತಿ ಹಂತವನ್ನೂ ಬದಿಯಲ್ಲಿ ಪಟ್ಟಿ ಮಾಡುತ್ತದೆ. ತಾನಾಗಿ ಕೊಟ್ಟ ಇಂಗ್ಲಿಷ್ ಹೆಸರನ್ನು ತೆಗೆದು ಉದುರು ಕಾಫಿ ಬಿಟ್ಟಿದೆ, ಗುಂಟೆಯನ್ನು ಎಕರೆ ಮಾಡಿದೆ ಎಂದು ಕನ್ನಡದಲ್ಲೇ ಹೆಸರಿಡಬಹುದು, ಪ್ರತಿ ಹಂತಕ್ಕೂ ವಿವರಣೆ ಸೇರಿಸಬಹುದು. ಹಂತಗಳ ಹೆಸರು ಓದಿದರೇ ಅರ್ಧ ದಾಖಲೆ ಮುಗಿಯಿತು.

ಎಸ್‌ಕ್ಯೂಎಲ್‌ನಲ್ಲಿ 1999ರ ಮಾನಕದಿಂದ ಬಂದ ವಿತ್ ಎಂಬ ರಚನೆ ದೊಡ್ಡ ಕ್ವೆರಿಯನ್ನು ಹೆಸರಿಟ್ಟ ತುಂಡುಗಳಾಗಿ ಒಡೆಯುತ್ತದೆ. ಮೇಲಿಂದ ಕೆಳಗೆ ಓದಿಕೊಂಡು ಹೋಗಬಹುದಾದ ಕ್ರಮ ಅದರಿಂದ ಬರುತ್ತದೆ. ಎರಡು ಅಡ್ಡಗೆರೆ ಹಾಕಿ ಬರೆಯುವ ಟಿಪ್ಪಣಿಗಳು ಕಾರಣ ಹೇಳಲು. ದೊಡ್ಡ ಕಂಪನಿಗಳು ಬಳಸುವ ಡಿಬಿಟಿಯಂಥ ಸಾಧನ ಪ್ರತಿ ಕೋಷ್ಟಕದ ವಿವರಣೆ, ತಾಳೆ ಪರೀಕ್ಷೆ ಮತ್ತು ಯಾವುದರಿಂದ ಯಾವುದು ಹುಟ್ಟಿತು ಎಂಬ ನಕ್ಷೆಯನ್ನು ಕೋಡಿನ ಜೊತೆಗೇ ಇಡುತ್ತದೆ. ಪ್ರೋಗ್ರಾಂ ಮೊದಲು ಮನುಷ್ಯರು ಓದಲಿಕ್ಕೆ, ಆಮೇಲೆ ಯಂತ್ರಕ್ಕೆ ಎಂಬ ವಾದವನ್ನು ಡೊನಾಲ್ಡ್ ಕ್ನೂತ್ 1984ರಲ್ಲೇ ಮುಂದಿಟ್ಟಿದ್ದರು.

## ಯಾರು ಬರೆಯಬೇಕು, ಯಾವಾಗ

ಕ್ವೆರಿ ಬರೆದವರೇ ದಾಖಲೆಯ ಕರಡು ಮಾಡಬೇಕು. ರೈಟರು ಅಥವಾ ತೋಟದ ಮ್ಯಾನೇಜರ್ ಅದನ್ನು ಓದಿ ಕೈಲೆಕ್ಕ ಮಾಡಿ ಒಪ್ಪಬೇಕು. ಒಪ್ಪದ ಹಂತವೊಂದು ಸಿಕ್ಕರೆ ದಾಖಲೆ ಕೆಲಸ ಮಾಡಿತು ಎಂದೇ ತಿಳಿಯಬೇಕು. ಕೊಯ್ಲಿನ ಗಡಿಬಿಡಿಯಲ್ಲಿ ಇದು ಆಗುವ ಮಾತಲ್ಲ. ಅರೇಬಿಕಾ ನವೆಂಬರ್‌ನಿಂದ, ರೋಬಸ್ಟಾ ಮಾರ್ಚ್‌ವರೆಗೆ ಕೈ ಬಿಡುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಗಾಲ, ಕ್ಯೂರಿಂಗ್ ಚೀಟಿಗಳು ಕೈಸೇರಿ ಹಿಂದಿನ ಹಂಗಾಮಿನ ನಿಜವಾದ ಔಟ್‌ಟರ್ನ್ ಗೊತ್ತಾಗಿರುವ ಹೊತ್ತು, ತಾಳೆ ನೋಡಲು ತಕ್ಕ ಕಾಲ.

ಹಳೆಯದಾದ ದಾಖಲೆ ದಾಖಲೆಯೇ ಇಲ್ಲದ್ದಕ್ಕಿಂತ ಅಪಾಯ, ಏಕೆಂದರೆ ಅದನ್ನು ನಂಬುತ್ತಾರೆ. ಆದ್ದರಿಂದ ಪುಟದ ಮೇಲೆ ಕೊನೆಯ ತಾಳೆಯ ತಾರೀಖು ಇರಬೇಕು, ಒಂದು ಹಂಗಾಮು ದಾಟಿದ ಪುಟವನ್ನು ಹೊಸ ಕೈಲೆಕ್ಕವಿಲ್ಲದೆ ಬಳಸಬಾರದು, ಕ್ವೆರಿಯ ನಿಯಮ ಬದಲಿಸಿದ ದಿನವೇ ಪುಟವೂ ಬದಲಾಗಬೇಕು. ಮೂವತ್ತು ವರ್ಷ ಪುಸ್ತಕ ಬರೆದ ರೈಟರು ನಿವೃತ್ತರಾದಾಗ ಅವರೊಡನೆ ಹೋಗುವುದು ಅಂಕಿಗಳಲ್ಲ. ಯಾವ ಸಾಲನ್ನು ಕೂಡಬಾರದು, ಯಾವ ತಾರೀಖನ್ನು ನಂಬಬಾರದು ಎಂಬ ನಿಯಮಗಳು. ಅವರು ಇನ್ನೂ ಕಚೇರಿಯಲ್ಲಿರುವಾಗಲೇ ಅವನ್ನು ಕೇಳಿ ಬರೆದುಕೊಂಡ ತೋಟಕ್ಕೆ ಮುಂದಿನ ಕ್ವೆರಿ ಬರೆಯುವುದು ಸುಲಭದ ಕೆಲಸ.